ಹಾಲು ಉಕ್ಕದ ಮನೆ

ಅಪರ್ಣಾಳ ಚೀಲದಲ್ಲಿ ಹಾಲಿದೆ ಎನ್ನುವುದು ಹರಿಪ್ರಸಾದನಿಗೆ ತಿಳಿದದ್ದು ರೈಲು ಹೊರಟ ಮೇಲೆ. ಚೀಲ ಅವಳ ತೊಡೆಯ ಮೇಲಿತ್ತು. ಜಿಪ್ಪು ಪೂರ್ತಿ ಎಳೆದಿರದ ಅದರ ಬಾಯಿಂದ ಬೀದಿ ಮೂಲೆಯ ಕೊಂಬಿನಿ ಅಂಗಡಿಯಲ್ಲಿ ಕೊಂಡ ಹಾಲಿನ ಡಬ್ಬದ ಮೂಲೆ ಕಾಣುತ್ತಿತ್ತು, ಅದರ ಪಕ್ಕದಲ್ಲಿ ಡಿಕಾಕ್ಷನ್ ತುಂಬುವ ಸಣ್ಣ ಫ್ಲಾಸ್ಕು, ಅದಕ್ಕೂ ಆಚೆ ಬಟ್ಟೆಯಲ್ಲಿ ಸುತ್ತಿದ ದುಂಡನೆಯ ಏನೋ ಒಂದು. ಏನೋ ಒಂದೇನು, ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಮೈಸೂರಿನಿಂದ ಬಂದ ಸ್ಟೀಲಿನ ಹಾಲಿನ ಪಾತ್ರೆ ಅದು, ಅಂಚಿನ ಕೆಳಗೆ ಅತ್ತೆಯವರ ಹೆಸರನ್ನು ಚುಕ್ಕೆ ಚುಕ್ಕೆಯಾಗಿ ಕೊರೆಸಿರುವುದು. ಎದುರು ಸೀಟಿನಲ್ಲಿ ಮಗಳು ಯಾಮಿನಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಾಲು ಆಡಿಸುತ್ತಿದ್ದಳು. ಶನಿವಾರದ ರೈಲಿನಲ್ಲಿ ಒಸಾಕಾದ ಜನ ವಾರದ ದಿನಗಳಿಗಿಂತ ಕೊಂಚ ಗಟ್ಟಿಯಾಗಿ ಮಾತಾಡಿಕೊಳ್ಳುತ್ತಾರೆ, ಆ ಗದ್ದಲದಲ್ಲಿ ಹಾಲು ಯಾತಕ್ಕೆ ಎಂದು ಮೆಲ್ಲಗೆ ಕೇಳಿಬಿಡಬಹುದಿತ್ತು. ಆದರೆ ಅವಳನ್ನು ಏನಾದರೂ ಕೇಳುವ ಹಕ್ಕನ್ನು ತಾನು ಗುರುವಾರ ಸಂಜೆಯೇ ಕಳೆದುಕೊಂಡಾಗಿದೆ ಎಂದು ಅವನಿಗೆ ಅನ್ನಿಸುತ್ತಿತ್ತು. ಅವಳು ಮನೆಯಲ್ಲಿ ತೊಡುವ ನೀಲಿ ಕುರ್ತಾವನ್ನೇ ಹಾಕಿಕೊಂಡು ಬಂದಿದ್ದಳು, ತೋಳಿನ ಅಂಚಿನಲ್ಲಿ ಹಳೆಯ ಅರಿಸಿನದ ಕಲೆ. ಹೊರಡುವಾಗ ಅವನ ಕಣ್ಣು ಆ ಕಲೆಯ ಮೇಲೆ ಬಿದ್ದದ್ದನ್ನು ನೋಡಿ, ಸಾಮಾನ್ಯವಾದ ಬೆಳಗ್ಗೆ ಅಂತ ತಾನೇ ನಿಮ್ಮೋರು ಹೇಳಿದ್ದು ಎಂದಿದ್ದಳು. ಕೋಪದಿಂದ ಅಂದಿದ್ದರೆ ಚೆನ್ನಾಗಿತ್ತು. ನಗುತ್ತಾ ಅಂದಿದ್ದಳು.

ನಿಮ್ಮೋರು ಎಂದರೆ ಸಂಘದವರು. ಕಾರ್ಖಾನೆಯಲ್ಲಿ ಮನೆ ತಯಾರಿಸಿ, ಲಾರಿಯ ಮೇಲೆ ತಂದು, ಕ್ರೇನಿನಲ್ಲಿ ಎತ್ತಿ ನಿವೇಶನದ ಮೇಲೆ ಕೂರಿಸುವ ಕಂಪನಿಗಳು ಸೇರಿ ಕಟ್ಟಿಕೊಂಡ ಸಂಘವೊಂದರ ಒಸಾಕಾ ಕಚೇರಿಯಲ್ಲಿ ಹರಿಪ್ರಸಾದನಿಗೆ ಕೆಲಸ. ಭೂಕಂಪದಲ್ಲಿ ಮನೆಗಳು ಹೇಗೆ ಅಲುಗುತ್ತವೆ ಎಂಬುದರ ಮೇಲೆ ಪಿಎಚ್‌.ಡಿ. ಮಾಡಲು ಬಂದವನು, ಅಲುಗುವ ಮನೆಗಳ ಪರವಾಗಿ ಮಾತಾಡುವ ಕೆಲಸಕ್ಕೆ ನಿಂತುಬಿಟ್ಟಿದ್ದ. ಸಂಘದ ಸದಸ್ಯ ಕಂಪನಿಗಳು ಗಿರಾಕಿಗಾಗಿ ಹಾವು ಮುಂಗುಸಿಯ ಹಾಗೆ ಕಾದಾಡುತ್ತವೆ, ಸರಕಾರದ ಎದುರು ಮಾತ್ರ ಎಲ್ಲರದೂ ಒಂದೇ ಗಂಟಲು. ಆ ಗಂಟಲಿಗೆ ಬೇಕಾದ ಮಾತುಗಳನ್ನು ಒದಗಿಸುವುದು ಇವನ ಪಾಲಿಗೆ ಬಂದದ್ದು. ಮನವಿ ಬರೆಯುವುದು, ಕರಪತ್ರ ಬರೆಯುವುದು, ಯಾವುದಾದರೂ ಪತ್ರಿಕೆ ‘ಪ್ರಿಫ್ಯಾಬ್ ಶೆಡ್ಡು’ ಎಂದು ಬರೆದರೆ ಅದು ಶೆಡ್ಡಲ್ಲ, ಮನೆ ಎಂದು ಅತಿ ವಿನಯದಿಂದ ತಿಳಿಸಿಕೊಡುವುದು. ಬಾಡಿಗೆ ನಾಲಗೆಯ ಕೆಲಸವೆಂದು ಯಾರೂ ತಿಳಿಯಬಾರದು, ಅವನು ಆ ಮನೆಗಳನ್ನು ನಿಜವಾಗಿ ಪ್ರೀತಿಸುತ್ತಿದ್ದ. ವಿದ್ಯಾರ್ಥಿಯಾಗಿದ್ದಾಗ ಪ್ರಯೋಗಾಲಯದ ಅಲುಗುವ ವೇದಿಕೆಯ ಮೇಲೆ ಇಡೀ ಮನೆಯೊಂದನ್ನು ಇಟ್ಟು ಕುಲುಕಿದ್ದನ್ನು ನೋಡಿದ್ದ. ನೆಲ ಹುಚ್ಚೆದ್ದು ಕುಣಿಯಿತು, ಮನೆ ಸೊಂಟ ಬಳುಕಿಸಿ ಮತ್ತೆ ನೆಟ್ಟಗೆ ನಿಂತಿತು, ಒಳಗೆ ಹೋಗಿ ನೋಡಿದರೆ ಕಪಾಟಿನ ಗಾಜಿನ ಲೋಟವೊಂದೂ ಒಡೆದಿರಲಿಲ್ಲ. ಅವತ್ತು ಅವನ ಕಣ್ಣು ತುಂಬಿ ಬಂದಿತ್ತು. ಬಾಲ್ಯವೆಲ್ಲ ಮೈಸೂರಿನ ಬಾಡಿಗೆ ಮನೆಗಳಲ್ಲಿ ಕಳೆದವನಿಗೆ, ಇಷ್ಟೊಂದು ಜೋಪಾನ ಮಾಡುವ ಮನೆಯೊಂದು ಲೋಕದಲ್ಲಿದೆ ಎನ್ನುವುದೇ ದೊಡ್ಡ ಸಂಗತಿಯಾಗಿತ್ತು.

ಈಗಿನ ತಕರಾರು ಒಸಾಕಾದ ಪಕ್ಕದ ಸಣ್ಣ ನಗರವೊಂದರದ್ದು. ಅಲ್ಲಿ ಹಳೆಯ ಮರದ ಮನೆಗಳ ಓಣಿಗಳನ್ನು ಹೊಸದಾಗಿ ಕಟ್ಟಿಕೊಳ್ಳುವವರಿಗೆ ನಗರಸಭೆ ನೆರವು ಕೊಡಲಿದೆ, ಆದರೆ ಕರಡು ನಿಯಮದ ಪ್ರಕಾರ ಮನೆಯನ್ನು ಅಲ್ಲೇ, ಆ ನೆಲದ ಮೇಲೇ ಬಡಗಿಗಳು ಕಟ್ಟಬೇಕು. ಕಾರ್ಖಾನೆ ಮನೆಗಳನ್ನೂ ಸೇರಿಸಿ ಎಂದು ಕೇಳಲು ಸಂಘದವರು ಹೋದಾಗ ಸಮಿತಿಯ ಮುಖ್ಯಸ್ಥೆ ಓನಿಶಿ-ಸಾನ್, ಕತ್ತರಿಸಿದ ನರೆಗೂದಲಿನ ಮಿತಭಾಷಿ ಹೆಂಗಸು, ಎಲ್ಲ ಕೇಳಿಸಿಕೊಂಡು ಒಂದೇ ಒಂದು ಮಾತು ಹೇಳಿದ್ದರು: ನಿಮ್ಮ ಮನೆಗಳಲ್ಲಿ ಏನೂ ಆಗುವುದೇ ಇಲ್ಲವಲ್ಲ. ಸಂಘದವರು ಅದನ್ನು ಹೊಗಳಿಕೆಯೆಂದು ತಿಳಿದು ತಲೆಬಾಗಿ ಬಂದರು. ಸೋರುವುದಿಲ್ಲ, ಉರಿಯುವುದಿಲ್ಲ, ಬಿರುಕು ಬಿಡುವುದಿಲ್ಲ, ಇನ್ನೇನು ಬೇಕು. ಲಿಫ್ಟಿನಲ್ಲಿ ಇಳಿಯುವಾಗ ಕಚೇರಿಯ ಮುಖ್ಯಸ್ಥ ಕುರೊದಾ-ಸಾನ್ ಇದ್ದಕ್ಕಿದ್ದ ಹಾಗೆ, ಅದು ಹೊಗಳಿಕೆಯಾಗಿರಲಿಲ್ಲ ಎಂದರು. ಆಮೇಲೆ ಅವರಿಗೆ ಹೊಳೆದ ಉಪಾಯ ಇದು. ಸಮಿತಿಯವರನ್ನು ಪ್ರದರ್ಶನದ ಮನೆಗೆ ಕರೆಯುವುದು, ಅಲ್ಲಿ ಒಂದು ಸಂಸಾರ ತನ್ನ ಸಾಮಾನ್ಯವಾದ ಬೆಳಗನ್ನು ಕಳೆಯುತ್ತಿರುವುದು.

ಜಪಾನಿನಲ್ಲಿ ಮೀಟಿಂಗಿನಲ್ಲಿ ಏನೂ ನಿರ್ಧಾರವಾಗುವುದಿಲ್ಲ ಎಂಬುದನ್ನು ಹರಿಪ್ರಸಾದ ಬಹಳ ಬೆಲೆ ತೆತ್ತು ಕಲಿತಿದ್ದ. ಹೊಸದರಲ್ಲಿ ಒಮ್ಮೆ ತುಂಬಿದ ಸಭೆಯಲ್ಲಿ ಕೈಯೆತ್ತಿ, ಈ ಲೆಕ್ಕ ತಪ್ಪಲ್ಲವೇ ಎಂದು ಕೇಳಿದ್ದ. ಲೆಕ್ಕ ತಪ್ಪೇ ಇತ್ತು, ಆದರೂ ಅದಾದ ಮೇಲೆ ಬಹಳ ದಿನ ಅವನೊಂದಿಗೆ ಯಾರೂ ಊಟಕ್ಕೆ ಬರಲಿಲ್ಲ. ಇಲ್ಲಿ ಎಲ್ಲವೂ ಮೊದಲೇ ಆಗಿರಬೇಕು. ಒಬ್ಬೊಬ್ಬರ ಮೇಜಿನ ಬಳಿಯೂ ಹೋಗಿ, ಚಹಾ ಕುಡಿಯುತ್ತ, ಮೆಲ್ಲಗೆ ಕೇಳಿ, ಒಪ್ಪಿಗೆ ಪಡೆದುಕೊಂಡಿರಬೇಕು. ನೆಮಾವಾಶಿ ಎನ್ನುತ್ತಾರೆ ಅದಕ್ಕೆ. ಮರವನ್ನು ಕಿತ್ತು ಬೇರೆಡೆ ನೆಡುವ ಮೊದಲು ಬೇರಿನ ಸುತ್ತ ನಿಧಾನವಾಗಿ ಅಗೆದು ಅದನ್ನು ಸಜ್ಜುಗೊಳಿಸುವ ಮಾಲಿಯ ಕೆಲಸ. ಈಗ ಆ ವಿದ್ಯೆಯಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಕುರೊದಾ-ಸಾನ್ ತಾವೇ ಹೇಳುತ್ತಾರೆ. ಈ ಬಾರಿ ಅವರು ಅವನ ಬೇರಿನ ಸುತ್ತಲೇ ಅಗೆದರು. ಅಪರ್ಣಾ ಕಳಿಸಿದ್ದ ಚಕ್ಕುಲಿಯನ್ನು ಹೊಗಳಿದರು, ಯಾಮಿನಿಯ ಶಾಲೆಯ ವಿಚಾರ ಕೇಳಿದರು, ಶನಿವಾರಗಳಲ್ಲಿ ಏನು ಮಾಡುತ್ತೀರಿ ಎಂದರು, ಚಹಾ ಮುಗಿಯುವ ಹೊತ್ತಿಗೆ ತನ್ನ ಸಂಸಾರವನ್ನೇ ಕರೆತರಲು ಅವನು ಒಪ್ಪಿಯಾಗಿತ್ತು. ಒಪ್ಪಿದ ಮೇಲೆ ತನ್ನ ಪಾಲಿನ ಅಗೆತವನ್ನು ತಾನು ಶ್ರದ್ಧೆಯಿಂದ ಮಾಡಿದ. ಪ್ರದರ್ಶನದ ಮನೆಯ ಮಾರಾಟ ನೋಡಿಕೊಳ್ಳುವ ಮೊರಿತಾ-ಸಾನ್ ಅವರನ್ನು ಕೇಳಿದ, ಮೈದಾನದ ಕಾವಲುಗಾರನನ್ನು ಕೇಳಿದ, ಯಾಮಿನಿಯ ಈಜಿನ ಟೀಚರನ್ನು ಕೇಳಿ ರಜೆ ಹಾಕಿಸಿದ. ಎಲ್ಲರನ್ನೂ ಕೇಳಿಯಾಯಿತು, ಹೆಂಡತಿಯೊಬ್ಬಳನ್ನು ಬಿಟ್ಟು.

ಮರೆತದ್ದಲ್ಲ. ಅದು ಅವನಿಗೆ ಈಗ ರೈಲಿನ ಕಿಟಕಿಯಲ್ಲಿ ತನ್ನ ಮುಖವನ್ನೇ ನೋಡಿಕೊಳ್ಳುತ್ತಿರುವಾಗ ಸ್ಪಷ್ಟವಾಗುತ್ತಿತ್ತು. ಮರೆತಿದ್ದರೆ ಕ್ಷಮೆ ಕೇಳಬಹುದಿತ್ತು. ಅವಳು ಹೂಂ ಎನ್ನುತ್ತಾಳೆ ಎಂದು ಅಂದುಕೊಂಡಿದ್ದ, ಅಷ್ಟೆ. ಕೈ ನನ್ನದು, ಕಾಲು ನನ್ನದು, ಅಪರ್ಣಾ ನನ್ನವಳು. ತನ್ನ ಕಾಲನ್ನು ಯಾರು ಕೇಳಿ ನಡೆಸುತ್ತಾರೆ. ಗುರುವಾರ ಸಂಜೆ ಅವಳು ದೋಸೆಗೆ ರುಬ್ಬುತ್ತಿದ್ದಾಗ ಮಿಕ್ಸಿಯ ಸದ್ದಿನ ನಡುವೆ ವಿಷಯ ಹೇಳಿದ್ದ. ಅವಳು ಮಿಕ್ಸಿ ನಿಲ್ಲಿಸಿದಳು.

“ಎಲ್ರಿಗೂ ಹೇಳಿದೀರಾ?”

“ಹೂಂ.”

“ಯಾಮಿನಿ ಟೀಚರ್‌ಗೂ?”

“ಹೂಂ.”

ಅವಳು ಮತ್ತೆ ಮಿಕ್ಸಿ ಹಾಕಿದಳು. ಮಾಮೂಲಿಗಿಂತ ಹೆಚ್ಚು ಹೊತ್ತು ರುಬ್ಬಿದಳು, ಮಾರನೆಯ ದಿನ ದೋಸೆ ಬೆಣ್ಣೆಯ ಹಾಗೆ ಬಂತು. ಸಂಸಾರವನ್ನೇ ನಾಟಕದ ಸಾಮಾನಿನ ಹಾಗೆ ಹೊತ್ತುಕೊಂಡು ಹೋಗಿ ಜನರೆದುರು ಇಡುವವನು ತಾನು, ಅದರಲ್ಲೂ ಮನೆ ಎನ್ನುವ ವಿಷಯದಲ್ಲಿ. ಅವಳು ಈ ದೇಶಕ್ಕೆ ಬಂದಾಗಿನಿಂದ ಕೇಳಿದ್ದು ಅದೊಂದನ್ನೇ. ಕೇಳಿದ್ದೂ ಹೆಚ್ಚೆಂದರೆ ವರ್ಷಕ್ಕೊಂದು ಸಲ, ಯುಗಾದಿಯ ಆಸುಪಾಸಿನಲ್ಲಿ, ಮಾವಿನೆಲೆ ಸಿಗದ ಬೇಸರದ ಜೊತೆಗೆ. ನಮ್ಮದು ಅಂತ ಒಂದು ಮನೆ ನೋಡಬಹುದಾ. ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದ. ಊರಿಗೆಲ್ಲ ಕಾರ್ಖಾನೆ ಮನೆಯ ಗುಣಗಾನ ಮಾಡುವ ಅವನು ಇದ್ದದ್ದು ಹಳೆಯ ಕಾಂಕ್ರೀಟಿನ ಬಾಡಿಗೆ ಫ್ಲ್ಯಾಟಿನಲ್ಲಿ, ಲಿಫ್ಟಿಲ್ಲದ ಮೇಲಿನ ಮಹಡಿಯಲ್ಲಿ. ಸಾಲ, ವೀಸಾ, ಶಾಲೆ ಎಂದು ಕಾರಣ ಕೊಡುತ್ತಿದ್ದ. ನಿಜವಾದ ಕಾರಣ ಬೇರೆ. ಮನೆ ತೆಗೆದುಕೊಂಡ ದಿನ, ನಾವು ವಾಪಸ್ಸು ಹೋಗುತ್ತೇವೆ ಎಂದು ತನಗೆ ತಾನೇ ಹೇಳಿಕೊಳ್ಳುವ ಮಾತು ಸುಳ್ಳಾಗಿಬಿಡುತ್ತದೆ. ಆ ಸುಳ್ಳಿನ ನೆರಳಿನಲ್ಲಿ ಅವನಿಗೆ ತಂಪಾಗಿತ್ತು.

ಹಾಲಿನದೂ ಒಂದು ಕಥೆಯಿತ್ತು. ಮೈಸೂರಿನಲ್ಲಿ ಅವರ ಮನೆಯವರು ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹೋದಾಗಲೆಲ್ಲ ಅಮ್ಮ ಸಾಮಾನು ಬಿಚ್ಚುವ ಮೊದಲು ಹಾಲು ಉಕ್ಕಿಸುತ್ತಿದ್ದಳು. ಒಲೆಯ ಸುತ್ತ ಎಲ್ಲರೂ ನಿಲ್ಲಬೇಕು, ಹಾಲು ಏರಿ ಏರಿ ಅಂಚು ದಾಟಿ ಪೂರ್ವಕ್ಕೆ ಹರಿದರೆ ಅಮ್ಮನ ಮುಖ ಅರಳುತ್ತಿತ್ತು, ನೆಲ ಕಲೆಯಾಯಿತೆಂದು ಮನೆಯ ಒಡತಿ ಗೊಣಗುತ್ತಿದ್ದಳು. ಯಾರದೋ ಗೋಡೆ, ಯಾರದೋ ಮಾಡು, ಆದರೆ ಹಾಲು ಉಕ್ಕಿದ ಮೇಲೆ ಅದು ನಮ್ಮ ಮನೆ. ಒಸಾಕಾದ ಸೆನ್ರಿ ಬಡಾವಣೆಯ ಈ ಫ್ಲ್ಯಾಟಿಗೆ ಮದುವೆಯಾದ ಹೊಸದರಲ್ಲಿ ಬಂದಾಗ ಗ್ಯಾಸಿನವನು ಬಂದು ಜೋಡಿಸುವ ತನಕ ಒಲೆ ಹೊತ್ತಿಸುವಂತಿರಲಿಲ್ಲ. ಅವನು ಬರುವ ಹೊತ್ತಿಗೆ ಇವರು ಕೊಂಬಿನಿಯ ಅನ್ನದುಂಡೆ ತಿಂದು, ಚಾಪೆಯ ಮೇಲೆ ಮಲಗಿ, ಎದ್ದು, ಬದುಕಲು ಶುರುಮಾಡಿಬಿಟ್ಟಿದ್ದರು. ಹಾಲು ಉಕ್ಕಿಸುವುದು ತಪ್ಪಿಹೋಯಿತು. ಅಪರ್ಣಾ ಅದನ್ನು ದೂರಿನ ಹಾಗೆ ಎಂದೂ ಹೇಳಿದವಳಲ್ಲ. ನಲ್ಲಿ ಕೆಟ್ಟರೆ, ಯಾಮಿನಿಗೆ ಜ್ವರ ಬಂದರೆ, ಹಾಲುಕ್ಕದ ಮನೆ, ಇನ್ನೇನಾಗುತ್ತೆ ಎಂದು ನಗುತ್ತಿದ್ದಳು.

ಪ್ರದರ್ಶನದ ಮೈದಾನದಲ್ಲಿ ಒಂದಕ್ಕಿಂತ ಒಂದು ಚೆಂದದ ಮನೆಗಳು ಬೀದಿಯ ಎರಡೂ ಕಡೆ ನಿಂತಿದ್ದವು, ಯಾವುದರಲ್ಲೂ ಯಾರೂ ವಾಸವಿರಲಿಲ್ಲ. ಇವರ ಮನೆಯ ಬಾಗಿಲಲ್ಲಿ ಕುರೊದಾ-ಸಾನ್, ಮೊರಿತಾ-ಸಾನ್ ಇಬ್ಬರೂ ಕಾಯುತ್ತಿದ್ದರು. ಮೊರಿತಾ-ಸಾನ್ ಅಪರ್ಣಾಳ ಕುರ್ತಾ ನೋಡಿ ಒಂದು ಕ್ಷಣ ಕಣ್ಣು ಮಿಟುಕಿಸಿದರು; ನಿಮ್ಮ ದೇಶದ ಉಡುಪಾದರೆ ಬಹಳ ಸೊಗಸು ಎಂದು ಫೋನಿನಲ್ಲಿ ಸೂಚಿಸಿದ್ದವರು ಅವರೇ. ಒಳಗೆ ಊಟದ ಮೇಜಿನ ಮೇಲೆ ಮೇಣದ ನಿಂಬೆಹಣ್ಣು, ಕಪಾಟಿನಲ್ಲಿ ಹಾಳೆಗಳಿಲ್ಲದ ಪುಸ್ತಕಗಳ ಬೆನ್ನು, ಗೋಡೆಯ ಮೇಲೆ ರಟ್ಟಿನ ಟೀವಿ. ಯಾಮಿನಿ ಮೇಲಿನ ಮಹಡಿಗೆ ಓಡಿದವಳು ಸ್ವಲ್ಪ ಹೊತ್ತಿನಲ್ಲೇ ಇಳಿದು ಬಂದಳು. ಮಕ್ಕಳ ಕೋಣೆಯ ಬಾಗಿಲ ಮೇಲೆ ಹಾರುಕಾ ಎಂದು ಬರೆದಿದೆ, ಹೂ ಈಸ್ ಹಾರುಕಾ ಎಂದು ಕೇಳಿದಳು. ಯಾರೂ ಅಲ್ಲ, ಸುಮ್ಮನೆ ಬರೆದದ್ದು ಎಂದ ಹರಿಪ್ರಸಾದ. ಕವಾಯ್ಸೊ, ಪಾಪ ಎಂದು ಅವಳು ಜಪಾನಿಯಲ್ಲೂ ಕನ್ನಡದಲ್ಲೂ ಮರುಗಿ, ಇಲ್ಲದ ಆ ಹುಡುಗಿಯ ಹಾಸಿಗೆಯನ್ನು ಸರಿಮಾಡಿ ಬರಲು ಮತ್ತೆ ಮೇಲೆ ಹೋದಳು. ಅಪರ್ಣಾ ನೇರವಾಗಿ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನೋಡಿದಳು. ನೀರು ಬಂತು. ಭೇಟಿಗೋಸ್ಕರವೇ ಸಂಪರ್ಕ ಕೊಡಿಸಿದ್ದರು. ಅವಳು ಪಾತ್ರೆಯನ್ನು ಚೀಲದಿಂದ ತೆಗೆದು ತೊಳೆದಿಟ್ಟಳು.

“ಅಪರ್ಣಾ, ಹಾಲು ಯಾಕೆ?” ಎಂದು ಕೊನೆಗೂ ಕೇಳಿದ.

“ಹೊಸ ಮನೆಗೆ ಬಂದ್ರೆ ಇನ್ನೇನ್ ತರ್ತಾರೆ ರೀ.” ಅವಳು ಅವನನ್ನು ನೋಡಲಿಲ್ಲ. “ಸುಳ್ಳು ಮನೆ ಆದ್ರೂ ಹೊಸ ಮನೆ ತಾನೆ.”

ಸಮಿತಿಯವರು ಹೇಳಿದ ಹೊತ್ತಿಗೆ ಬಂದರು, ಹೊಸಿಲಲ್ಲಿ ಬೂಟು ಕಳಚಿ, ಜೋಡಿಸಿಟ್ಟಿದ್ದ ಚಪ್ಪಲಿ ಮೆಟ್ಟಿ ಒಳಗೆ ಬಂದರು. ಹರಿಪ್ರಸಾದ ಗೋಡೆ ತಟ್ಟಿ ತೋರಿಸಿದ, ತೊಲೆಗಳ ಬಗ್ಗೆ, ಗಾಳಿಯ ಬಗ್ಗೆ, ಚಳಿಗಾಲದಲ್ಲಿ ಬೆಚ್ಚಗಿರುವ ನೆಲದ ಬಗ್ಗೆ ಹೇಳಿದ. ಮಾತು ಸರಾಗವಾಗಿ ಬರುತ್ತಿತ್ತು, ಎಷ್ಟು ಸರಾಗವೆಂದರೆ ಬೇರೆ ಯಾರೋ ಆಡುತ್ತಿರುವ ಹಾಗೆ. ಮಿಕ್ಕವರು ಟಿಪ್ಪಣಿ ಮಾಡಿಕೊಳ್ಳುತ್ತಿದ್ದರೆ ಓನಿಶಿ-ಸಾನ್ ಮಾತ್ರ ಸುಮ್ಮನೆ ನಡೆದಾಡುತ್ತಿದ್ದರು. ಮೇಣದ ನಿಂಬೆಹಣ್ಣನ್ನು ಎತ್ತಿ ಮೂಸಿ ನೋಡಿ ಕೆಳಗಿಟ್ಟರು. ಆಮೇಲೆ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದ ಅಪರ್ಣಾಳ ಬಳಿ ಹೋಗಿ, ಈ ಮನೆಯಲ್ಲಿ ನೀವು ವಾಸ ಮಾಡಲು ಇಷ್ಟಪಡುತ್ತೀರಾ ಎಂದು ನೇರವಾಗಿ ಕೇಳಿದರು. ಅದೊಂದು ಪ್ರಶ್ನೆಗೆ ಸಂಘದವರು ಉತ್ತರ ತಯಾರಿಸಿರಲಿಲ್ಲ. ಹರಿಪ್ರಸಾದ ಬಾಯಿ ತೆರೆದ. ಅಪರ್ಣಾ ಶಿಶುವಿಹಾರದಲ್ಲಿ ಅರೆಕಾಲಿಕ ಕೆಲಸ ಮಾಡುತ್ತ ಕಲಿತ, ಮಕ್ಕಳು ಆಡುವಂಥ ಜಪಾನಿಯಲ್ಲಿ, ಬಿಡಿಸಿ ಬಿಡಿಸಿ ಹೇಳಿದಳು: “ನನ್ನನ್ನು ಇದುವರೆಗೆ ಯಾರೂ ಕೇಳಿಲ್ಲ.”

ಮೊದಲು ನಕ್ಕವರು ಕುರೊದಾ-ಸಾನ್, ಅದು ಅವರ ಕೆಲಸ. ಅವರ ಹಿಂದೆ ಎಲ್ಲರೂ ನಕ್ಕರು. ಓನಿಶಿ-ಸಾನ್ ನಗಲಿಲ್ಲ, ಹರಿಪ್ರಸಾದನೂ ನಗಲಿಲ್ಲ. ಅವನ ಕಿವಿಯ ತುದಿ ಬಿಸಿಯಾಗಿತ್ತು. ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು, ಮಗುವೊಂದಕ್ಕೆ ಬಣ್ಣದ ಹೆಸರು ಹೇಳಿಕೊಡುವ ಹಾಗೆ. ಅದೇ ದನಿಯಲ್ಲಿ ಅವಳು ಓನಿಶಿ-ಸಾನ್‌ಗೆ ಪಾತ್ರೆ ತೋರಿಸಿ, ನಮ್ಮ ಕಡೆ ಹೊಸ ಮನೆಯಲ್ಲಿ ಮೊದಲು ಹಾಲು ಉಕ್ಕಬೇಕು ಎಂದಳು. ಬೇಕೆಂದೇ ಉಕ್ಕಿಸುವುದೆ ಎಂದು ಓನಿಶಿ-ಸಾನ್ ಕೇಳಿದರು, ಅವರ ಮುಖದಲ್ಲಿ ಮೊದಲ ಸಲ ಕುತೂಹಲ ಕಂಡಿತು. ಬೇಕೆಂದೇ. ಸಮಿತಿಯವರೆಲ್ಲ ಒಲೆಯ ಸುತ್ತ ಬಂದು ನಿಂತರು. ಮೊರಿತಾ-ಸಾನ್ ಗಾಬರಿಯಿಂದ ಕುರೊದಾ-ಸಾನ್ ಕಡೆ ನೋಡಿದರು, ಅವರು ಇರಲಿ ಎಂಬಂತೆ ಕಣ್ಣು ಮುಚ್ಚಿ ತೆರೆದರು.

ಯಾವ ಲೋಹದ ಪಾತ್ರೆಯನ್ನಾದರೂ ಒಪ್ಪಿಕೊಳ್ಳುವ, ಬೆಂಕಿಯೇ ಇಲ್ಲದ ಕರೆಂಟಿನ ಒಲೆ ಅದು, ಕನ್ನಡಿಯ ಹಾಗೆ ನುಣ್ಣಗೆ. ಅಪರ್ಣಾ ಹಾಲು ಸುರಿದು ಗುಂಡಿ ಒತ್ತಿದಳು. ಹಾಲಿನ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಮೂಡಿದವು, ಕೆನೆ ಬಿಗಿಯಿತು, ನಡುವೆ ಉಬ್ಬಿತು, ಮೇಲೇರತೊಡಗಿತು. ಯಾಮಿನಿ ಮೆಟ್ಟಿಲಿಳಿದು ಬಂದು ಅಮ್ಮನ ಕುರ್ತಾದ ಅಂಚು ಹಿಡಿದು ನಿಂತಳು. ಹಾಲು ಪಾತ್ರೆಯ ಕೊರಳಿಗೆ ಬಂತು, ಅಂಚಿಗೆ ಬಂತು. ಆಗ ಒಲೆ ಟಿಂಗ್ ಎಂದಿತು. ಉಕ್ಕುವ ಸೂಚನೆ ಕಂಡಿದೆ, ಶಾಖ ಕಡಿಮೆ ಮಾಡಲಾಗಿದೆ ಎಂದು ಅದರೊಳಗಿಂದ ಹೆಣ್ಣುದನಿಯೊಂದು ನಯವಾಗಿ ಹೇಳಿತು. ಹಾಲು ನಿಟ್ಟುಸಿರು ಬಿಟ್ಟು ಇಳಿಯಿತು. ಓಹೋ ಎಂದು ಸಮಿತಿಯವರಲ್ಲೊಬ್ಬರು ಮೆಚ್ಚಿದರು, ಮೊರಿತಾ-ಸಾನ್ ಸಂತೋಷ ತಡೆಯಲಾರದೆ ಚಪ್ಪಾಳೆ ತಟ್ಟಿಬಿಟ್ಟರು. ಅಪರ್ಣಾ ಶಾಖ ಹೆಚ್ಚಿಸಿದಳು. ಹಾಲು ಮತ್ತೆ ಏರಿತು, ಒಲೆ ಮತ್ತೆ ಟಿಂಗ್ ಎಂದಿತು, ಹಾಲು ಮತ್ತೆ ಇಳಿಯಿತು. ಇನ್ನೊಮ್ಮೆ. ಏರುವುದು, ಎಚ್ಚರಿಕೆ, ಇಳಿಯುವುದು.

ಹರಿಪ್ರಸಾದನಿಗೆ ನಿಂತ ನೆಲ ಅಲುಗಿದ ಹಾಗಾಯಿತು. ಈ ಒಲೆಯ ಬಗ್ಗೆ ಸಂಘದ ಕರಪತ್ರದಲ್ಲಿ ಬರೆದವನು ಅವನೇ. ಹಾಲು ಇಟ್ಟು ಮರೆತರೂ ಚಿಂತೆಯಿಲ್ಲ ಎಂಬ ಸಾಲು ಅವನದು. ಅದನ್ನು ಬರೆದ ದಿನ ಅವನ ಕಣ್ಣ ಮುಂದೆ ಇದ್ದವಳು ಅಪರ್ಣಾ, ಅಕ್ಕ ಮಾಲತಿಯ ಜೊತೆ ಫೋನಿನಲ್ಲಿ ಮಾತಾಡುತ್ತ ಒಲೆಯ ಮೇಲೆ ಹಾಲಿಟ್ಟು ಮರೆಯುವವಳು, ನೆನಪಾದಾಗ ಅಯ್ಯೋ ಎಂದು ಓಡುವವಳು. ಆಗೆಲ್ಲ ಅವಳಿಗಿಂತ ಮೊದಲು ಓಡಿ ಬಂದು, ಉಕ್ಕುವ ಮುಂಚೆಯೇ ಒಲೆ ಆರಿಸುವವನು ಅವನು. ಅವಳಿಗೆ ಇಂಥದ್ದೊಂದು ಒಲೆ ಕೊಡಿಸಬೇಕು ಎಂದುಕೊಂಡು ಅಕ್ಕರೆಯಿಂದ ಬರೆದ ಸಾಲು. ಆ ಅಕ್ಕರೆಯೇ ಈಗ ಎಲ್ಲರೆದುರು ಅವಳ ಹಾಲನ್ನು ಅದುಮಿ ಅದುಮಿ ಕೂರಿಸುತ್ತಿತ್ತು. ಅವಳ ಕೆನ್ನೆ ಕೆಂಪಾಗಿತ್ತು. ಕೋಪದಿಂದ ತಂದ ಹಾಲು ಎಂದುಕೊಂಡಿದ್ದ, ಈಗ ನೋಡಿದರೆ ಅವಳ ಕಣ್ಣಿನಲ್ಲಿ ಆಸೆಯಿತ್ತು. ಸುಳ್ಳು ಮನೆಯಲ್ಲಾದರೂ ಸರಿ, ಒಮ್ಮೆ ಉಕ್ಕಲಿ ಎಂಬ ಆಸೆ. ಅವನಿಗೆ ತಡೆಯಲಾಗಲಿಲ್ಲ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಭೂಕಂಪದ ಸಾಮಾನುಗಳಿದ್ದವು, ಯಾವ ಜಪಾನಿ ಮನೆಯಲ್ಲೂ ಇರುವಂಥವು: ನೀರಿನ ಬಾಟಲಿ, ಬಿಸ್ಕತ್ತು, ಟಾರ್ಚು, ಸಣ್ಣ ಸಿಲಿಂಡರ್ ಸಿಕ್ಕಿಸುವ ಗ್ಯಾಸ್ ಒಲೆ. ಪ್ರದರ್ಶನದ ಆ ಒಲೆಯ ಪ್ಲಾಸ್ಟಿಕ್ ಹರಿದು ಅವನು ಎತ್ತಿಕೊಂಡು ಬಂದ. ಯಾರನ್ನೂ ಕೇಳಲಿಲ್ಲ, ಯಾರ ಬೇರನ್ನೂ ಅಗೆಯಲಿಲ್ಲ. ಹೊಳೆಯುವ ಮೇಜಿನ ಮೇಲೆ ಅದನ್ನಿಟ್ಟು, ಎದೆ ಉಬ್ಬಿಸಿ ಅವಳತ್ತ ನೋಡಿದ.

ಅವಳು ಒಲೆಯನ್ನು ನೋಡಿದಳು, ಅವನನ್ನು ನೋಡಿದಳು. ಮೆಚ್ಚುಗೆಯೋ ಮರುಕವೋ ತಿಳಿಯದ ನಗು ಅವಳ ತುಟಿಯಲ್ಲಿ ಬಂದುಹೋಯಿತು. ಈಗಲೂ ಕೇಳದೆಯೇ ತಂದಿದ್ದ.

“ಬೇಡ ರೀ,” ಎಂದಳು ಕನ್ನಡದಲ್ಲಿ, ಮೆಲ್ಲಗೆ. “ಇದು ನಮ್ಮನೆ ಅಲ್ಲ. ನೋಡೋರಿಗೋಸ್ಕರ ಹಾಲು ಉಕ್ಕಿಸ್ಬಾರ್ದು.”

ನಿಮ್ಮ ಹೆಂಡತಿ ಏನು ಹೇಳಿದರು ಎಂದು ಓನಿಶಿ-ಸಾನ್ ಕೇಳಿದರು. ಕುರೊದಾ-ಸಾನ್ ಅವರ ಮುಖ ಅವನ ಕಡೆ ತಿರುಗಿತು, ಬೇಡಿಕೊಳ್ಳುವಂತೆ ಅಲ್ಲ, ನಂಬಿಕೆಯಿಂದ. ಹಾಲು ಸಾಕಂತೆ ಎಂದರೆ ಮುಗಿಯುತ್ತಿತ್ತು. ಸುರಕ್ಷಿತ ಒಲೆಯನ್ನು ಮೆಚ್ಚಿಕೊಂಡಳಂತೆ ಎಂದರೂ ನಡೆಯುತ್ತಿತ್ತು, ಅಂಥ ಮಾತು ಜೋಡಿಸುವುದಕ್ಕೇ ಅವನಿಗೆ ಸಂಬಳ. ಆ ಕೋಣೆಯಲ್ಲಿ ಅವಳ ಮಾತು ತಿಳಿದಿದ್ದವರು ಅವನು ಮತ್ತು ಯಾಮಿನಿ, ಅಷ್ಟೆ. ಯಾಮಿನಿ ಅಮ್ಮನ ಕುರ್ತಾ ಬಿಡದೆ ಅಪ್ಪನನ್ನೇ ನೋಡುತ್ತಿದ್ದಳು. ಅವನು ಓನಿಶಿ-ಸಾನ್ ಕಡೆ ತಿರುಗಿ, ಇದು ನಮ್ಮ ಮನೆಯಲ್ಲ ಎಂದಳು, ನೋಡುವವರಿಗೋಸ್ಕರ ಹಾಲು ಉಕ್ಕಿಸಬಾರದಂತೆ ಎಂದು ಒಂದಕ್ಷರವೂ ಬಿಡದೆ ಹೇಳಿದ. ಕುರೊದಾ-ಸಾನ್ ನೆಲ ನೋಡಿದರು.

ಓನಿಶಿ-ಸಾನ್ ಅಪರ್ಣಾಳ ಕಡೆ ತಿರುಗಿದರು. ಹಾಗಾದರೆ ಒಂದು ಮನೆ ನಿಮ್ಮದಾಗುವುದು ಯಾವಾಗ, ಬಡಗಿ ಕಟ್ಟಿದರೆ ಆಗುತ್ತದೆಯೆ ಎಂದು ಕೇಳಿದರು. ಅಪರ್ಣಾ ಸ್ವಲ್ಪ ಯೋಚಿಸಿದಳು.

“ಯಾರು ಕಟ್ಟಿದರು ಅನ್ನುವುದು ನನಗೆ ಗೊತ್ತಿಲ್ಲ,” ಎಂದಳು ಜಪಾನಿಯಲ್ಲಿ. “ಉಕ್ಕಿದ್ದನ್ನು ನಾವೇ ಒರೆಸಿಕೊಂಡರೆ ಅದು ನಮ್ಮ ಮನೆ. ಇಲ್ಲಿ ಒರೆಸುವುದಕ್ಕೆ ಬೇರೆ ಯಾರೋ ಬರುತ್ತಾರೆ.”

ಓನಿಶಿ-ಸಾನ್ ತಲೆಯಾಡಿಸಿದರು, ಮತ್ತೊಮ್ಮೆ ಆಡಿಸಿದರು. ಕಾಯಿಸಿದ ಹಾಲನ್ನು ಹಾಗೇ ಬಿಡಬಾರದೆಂದು ಅಪರ್ಣಾ ಫ್ಲಾಸ್ಕು ತೆಗೆದಳು, ಎಲ್ಲರಿಗೂ ಕಾಫಿ ಮಾಡುತ್ತೇನೆ ಎಂದಳು. ಮೇಜಿನ ಮೇಲಿನ ಚೆಂದದ ಕಪ್ಪುಗಳನ್ನು ಎತ್ತಹೋದರೆ ಬರಲಿಲ್ಲ, ಭೂಕಂಪಕ್ಕೆ ಬೀಳದಿರಲೆಂದು ಅಂಟು ಹಾಕಿ ಕೂರಿಸಿದ್ದರು. ಯಾಮಿನಿ ಓಡಿಹೋಗಿ ಕಾವಲುಗಾರನ ಕೋಣೆಯಿಂದ ಕಾಗದದ ಲೋಟ ತಂದಳು. ನಗರಸಭೆಯ ಸಮಿತಿ ಕಾರ್ಖಾನೆ ಮನೆಯ ಅಡುಗೆಮನೆಯಲ್ಲಿ ನಿಂತುಕೊಂಡು ಮೈಸೂರಿನ ಕಾಫಿ ಕುಡಿಯಿತು. ಒಬ್ಬರು ತುಸು ಚೆಲ್ಲಿದರು, ಸುಮಿಮಾಸೆನ್, ಕ್ಷಮಿಸಿ ಎಂದು ಕರವಸ್ತ್ರ ತೆಗೆದು ತಾವೇ ಒರೆಸಿದರು, ಎಲ್ಲರೂ ಅದನ್ನು ನೋಡಿದರು. ಹೋಗುವಾಗ ಓನಿಶಿ-ಸಾನ್ ಪರಿಶೀಲಿಸುತ್ತೇವೆ ಎಂದರು. ಆ ಮಾತಿಗೆ ಈ ದೇಶದಲ್ಲಿ ಆಗುತ್ತದೆ ಎಂಬ ಅರ್ಥವೂ ಇದೆ, ಆಗುವುದಿಲ್ಲ ಎಂಬ ಅರ್ಥವೂ ಇದೆ.

ಕೆಲಸ ಹೋಗುವುದಿಲ್ಲ, ಆದರೆ ಕೆಲವು ದಿನ ಒಬ್ಬನೇ ಊಟ ಮಾಡಬೇಕಾದೀತು ಎಂದುಕೊಳ್ಳುತ್ತ ಹರಿಪ್ರಸಾದ ಗೇಟಿನ ಬಳಿ ಕ್ಷಮೆಗೆ ಸಿದ್ಧನಾದ. ಕುರೊದಾ-ಸಾನ್ ಅವನನ್ನು ದಾಟಿ ಅಪರ್ಣಾಳ ಮುಂದೆ ನಿಂತು, ಸಮಿತಿಗೆ ಬಾಗಿದ್ದಕ್ಕಿಂತ ಹೆಚ್ಚಾಗಿ ಬಾಗಿದರು. ಮೊದಲು ನಿಮ್ಮನ್ನು ಕೇಳಬೇಕಾಗಿತ್ತು, ತಪ್ಪಾಯಿತು ಎಂದರು. ಆಮೇಲೆ ಸಂಕೋಚದಿಂದ, ಒರೆಸಿಕೊಳ್ಳುವ ಆ ಮಾತನ್ನು ಸಂಘದ ಮುಂದಿನ ಮನವಿಯಲ್ಲಿ ಬಳಸಿಕೊಳ್ಳಬಹುದೇ ಎಂದು ಕೇಳಿದರು. ಯಾರು ಕಟ್ಟಿದರೆಂಬುದು ಮುಖ್ಯವಲ್ಲ ಎಂದು ತಾವು ಎಷ್ಟೋ ಕಾಲದಿಂದ ಹೇಳಲು ಹೆಣಗಿದ್ದು ಅದನ್ನೇ ಅಂತೆ. ಆಗಬಹುದು ಎಂದಳು ಅಪರ್ಣಾ, ಕೂಡಲೇ, ಮನಸಾರೆ. ಕೇಳುವುದು ಇಷ್ಟು ಸುಲಭವಿತ್ತು. ಹರಿಪ್ರಸಾದನಿಗೆ ತನ್ನ ಮುಖ್ಯಸ್ಥನ ಮೇಲೆ ಹೊಟ್ಟೆಕಿಚ್ಚಾಯಿತು.

ವಾಪಸು ರೈಲಿನಲ್ಲಿ ಯಾಮಿನಿ ಅವನ ಭುಜಕ್ಕೊರಗಿ ನಿದ್ದೆ ಹೋದಳು. ಚೀಲ ಈಗ ಅವನ ತೊಡೆಯ ಮೇಲಿತ್ತು, ಅದರಲ್ಲಿ ಅರ್ಧ ಉಳಿದ ಹಾಲಿನ ಡಬ್ಬ. ಕಿಟಕಿಯಾಚೆ ಕಾಂಕ್ರೀಟು, ಮರ, ಕಾರ್ಖಾನೆಯಲ್ಲಿ ಹುಟ್ಟಿದ್ದು, ಇಲ್ಲೇ ಹುಟ್ಟಿದ್ದು ಎಲ್ಲ ಮನೆಗಳೂ ಒಂದೇ ಸಮನೆ ಹಿಂದಕ್ಕೆ ಓಡುತ್ತಿದ್ದವು, ಎಲ್ಲದರ ಮಹಡಿಯಲ್ಲೂ ಬಟ್ಟೆ ಒಣಗುತ್ತಿತ್ತು. ಮೀಟಿಂಗಿಗೆ ಮುಂಚೆ ಬೇರೆಯವರ ಮೇಜಿನ ಬಳಿ ಕೂರುವ ಹಾಗೆ ಅವನು ಅವಳ ಕಡೆ ತಿರುಗಿ ಕೂತ, ಆದರೆ ಸಜ್ಜುಗೊಳಿಸುವ ಮಾತು ಒಂದೂ ಬರಲಿಲ್ಲ.

“ಮನೆ ತಗೊಂಡ್ರೆ ಇನ್ ವಾಪಸ್ ಹೋಗಲ್ಲ ಅಂತಾಗ್ಬಿಡುತ್ತೆ ಅಂತ ಭಯ ನಂಗೆ,” ಎಂದ. “ಅದಕ್ಕೇ ಇಷ್ಟು ವರ್ಷ ಮುಂದಕ್ಕೆ ಹಾಕ್ದೆ.”

“ಗೊತ್ತು,” ಎಂದಳು.

“ನಿಂಗೇನನ್ಸುತ್ತೆ ಅಪರ್ಣಾ? ಒಂದು ಮನೆ ನೋಡೋಣ್ವಾ?”

ಒಂದು ಸ್ಟೇಷನ್ ಬಂತು, ಜನ ಇಳಿದರು, ಹತ್ತಿದರು, ಬಾಗಿಲು ಮುಚ್ಚಿತು. ಆ ಮೌನ ಅವನಿಗೆ ಹಿತವಾಗಿತ್ತು. ಅವಳು ಯೋಚಿಸುತ್ತಿದ್ದಾಳೆ, ಯೋಚಿಸಬೇಕಾದದ್ದನ್ನು ಕೊನೆಗೂ ಅವಳ ಕೈಗೆ ಕೊಟ್ಟಿದ್ದೇನೆ ಎನಿಸಿತು.

“ಮೊದ್ಲು ಇರೋ ಮನೇಲಿ ಹಾಲು ಉಕ್ಲಿ,” ಎಂದಳು. “ಆಮೇಲ್ ಹೇಳ್ತೀನಿ.”

ಫ್ಲ್ಯಾಟಿನ ಒಲೆ ಅವರು ಬಂದಾಗಿನದ್ದು, ಮಾತೂ ಆಡದ, ಎಚ್ಚರಿಕೆಯೂ ಕೊಡದ ಹಳೆಯ ಗ್ಯಾಸ್ ಒಲೆ. ಸಂಜೆಯ ಬಿಸಿಲು ಅಡುಗೆಮನೆಯ ಕಿಟಕಿಯಿಂದ ಬಂದು ಗೋಡೆಯ ಎಣ್ಣೆಯ ಕಲೆಗಳ ಮೇಲೆ ಬಿದ್ದಿತ್ತು, ಯಾಮಿನಿ ಹೋಂವರ್ಕಿನ ಪೆನ್ಸಿಲ್ ಹಿಡಿದೇ ಬಂದು ನಿಂತಳು. ಪೂರ್ವ ಯಾವ ಕಡೆ ಎಂದು ಅವನು ಫೋನು ತೆಗೆಯಹೋದ. ಯಾವ ಕಡೆ ಉಕ್ಕಿದರೂ ನಾವೇ ತಾನೆ ಒರೆಸುವವರು ಎಂದು ಅಪರ್ಣಾ ಅದನ್ನು ಇಸಿದುಕೊಂಡು ಆಚೆ ಇಟ್ಟಳು. ಮೂವರೂ ಪಾತ್ರೆಯೊಳಗೆ ಇಣುಕಿದರು. ಅಂಚಿನಲ್ಲಿ ಗುಳ್ಳೆ ಮೂಡಿತು, ಕೆನೆ ಬಿಗಿಯಿತು, ನಡುವೆ ಉಬ್ಬಿತು. ಹಾಲು ಎದ್ದು ನಿಂತು ಪಾತ್ರೆಯ ಬಾಯಿ ತುಂಬಿತು. ಅಷ್ಟೂ ವರ್ಷ ಓಡಿ ಬಂದು ಒಲೆ ಆರಿಸಿ ರೂಢಿಯಾದ ಹರಿಪ್ರಸಾದನ ಕೈ, ಅವನನ್ನು ಕೇಳದೆಯೇ, ತಾನಾಗಿ ಗುಬುಟಿನ ಕಡೆ ಹೋಯಿತು.

ಅಪರ್ಣಾ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹಾಲು ಉಕ್ಕಿತು.